ಬದುಕಿರುವ ಪ್ರೊಸೆಸರ್‌ಗೆ ತಿಥಿ ಮಾಡಿದವರು ಯಾರು?

ಇಂಟೆಲ್ ಕೋರ್ 2 ಡ್ಯುಯೊ ಇ7500. ಈ ಹೆಸರು ಹೇಳಿದರೆ ರಾಜಧಾನಿಯ ಟೆಕ್ಕಿಗಳಿಗೆ ನಗು ಬರಬಹುದು. ಜಿಲ್ಲಾ ಕೇಂದ್ರ, ತಾಲ್ಲೂಕು ಕೇಂದ್ರಗಳಲ್ಲಿ ಕೂತು ಸುದ್ದಿ ಕಳಿಸುವ ನಮಗೆ ಬರುವುದಿಲ್ಲ. ನಮ್ಮಲ್ಲಿ ಎಷ್ಟೋ ಜನ ಡಿಪ್ಲೊಮಾ ಮುಗಿಸಿ ಬಂದು ಮೊದಲ ವರದಿ ಟೈಪ್ ಮಾಡಿದ್ದು ಈ ಪ್ರೊಸೆಸರ್ ಅಥವಾ ಇದರ ಅಣ್ಣತಮ್ಮಂದಿರು ಇದ್ದ ಡೆಸ್ಕ್‌ಟಾಪ್‌ಗಳಲ್ಲಿ. ಅವುಗಳಲ್ಲಿ ಹಲವು ಇವತ್ತಿಗೂ ಸ್ವಿಚ್ ಒತ್ತಿದರೆ ಬೀಪ್ ಎಂದು ಎದ್ದು ಕೂರುತ್ತವೆ. ಆದರೂ ಅವು ಸತ್ತವು ಎಂದು ಡಂಗುರ ಸಾರಿ ಆಗಿದೆ. ನಮ್ಮ ತಕರಾರು ಇರುವುದು ಇಲ್ಲೇ. ಯಂತ್ರ ಕೆಟ್ಟು ಹೋಗುವುದು ಒಂದು ಮಾತು. ಕೆಡದ ಯಂತ್ರವನ್ನು ಕೆಟ್ಟಿದೆ ಎಂದು ಘೋಷಿಸುವುದು ಬೇರೆಯೇ ಮಾತು.

ಮೊದಲು ಯಂತ್ರದ ಜಾತಕ ನೋಡೋಣ. ಕೋರ್ 2 ಡ್ಯುಯೊ ಸರಣಿ ಬಂದಿದ್ದು 2006ರಲ್ಲಿ. ಇ7500 ಬಂದಿದ್ದು 2009ರ ಆರಂಭದಲ್ಲಿ. 45 ನ್ಯಾನೊಮೀಟರ್ ತಂತ್ರಜ್ಞಾನ, ಎರಡು ಕೋರ್, 2.93 ಗಿಗಾಹರ್ಟ್ಸ್ ವೇಗ, 3 ಎಂಬಿ ಕ್ಯಾಶ್, 65 ವ್ಯಾಟ್. ಕೂರುವುದು ಎಲ್‌ಜಿಎ 775 ಎಂಬ ಸಾಕೆಟ್‌ನಲ್ಲಿ. ಎಸ್.ಪಿ. ರಸ್ತೆಯಿಂದ ಬಿಡಿಭಾಗ ತರಿಸಿ ನಮ್ಮೂರಿನ ಅಂಗಡಿಯವನು ಜೋಡಿಸಿ ಕೊಡುತ್ತಿದ್ದ ಅಸೆಂಬಲ್ಡ್ ಸಿಸ್ಟಮ್‌ಗಳ ಕಾಲ ಅದು. ಜಿ31 ಅಥವಾ ಜಿ41 ಮದರ್‌ಬೋರ್ಡ್, 2 ಜಿಬಿ ರ್‍ಯಾಮ್, ಪಕ್ಕದಲ್ಲಿ ಕುಂಯ್‌ಗುಡುವ ಯುಪಿಎಸ್. ರ್‍ಯಾಮ್ ಕೈಕೊಟ್ಟರೆ ಬಿಚ್ಚಿ, ಕಾಲುಗಳನ್ನು ಪೆನ್ಸಿಲ್ ರಬ್ಬರಿನಿಂದ ಉಜ್ಜಿ ಮತ್ತೆ ಹಾಕಿದರೆ ಆಯಿತು. ಎಸ್‌ಎಂಪಿಎಸ್ ಸುಟ್ಟರೆ ಅದೊಂದನ್ನೇ ಬದಲಿಸಿದರೆ ಆಯಿತು. ಬೋರ್ಡ್ ಒಪ್ಪುವುದಾದರೆ ಹಳೆಯ ಪೆಂಟಿಯಂ ತೆಗೆದು ಅದೇ ಸಾಕೆಟ್‌ಗೆ ಕೋರ್ 2 ಕೂರಿಸಬಹುದಿತ್ತು. ರಿಪೇರಿ ಎಂಬ ಪದಕ್ಕೆ ಅರ್ಥವಿದ್ದ ಯಂತ್ರ ಅದು.

ಇನ್ನು ನಮ್ಮ ಕೆಲಸ ಏನು ಮಹಾ? ನುಡಿಯಲ್ಲೋ ಬರಹದಲ್ಲೋ ಮುನ್ನೂರು ಪದ ಟೈಪ್ ಮಾಡುವುದು, ಫೋಟೊ ಕತ್ತರಿಸಿ ಸಣ್ಣದು ಮಾಡುವುದು, ಮೇಲ್ ಹಾಕುವುದು. ವಾರಪತ್ರಿಕೆ ನಡೆಸುವ ಗೆಳೆಯರಾದರೆ ಪೇಜ್‌ಮೇಕರ್‌ನಲ್ಲಿ ಎಂಟು ಪುಟ ಕಟ್ಟುವುದು. ಪೇಜ್‌ಮೇಕರ್ 7.0 ಬಂದಿದ್ದು 2001ರಲ್ಲಿ, ಆ ತಂತ್ರಾಂಶದ ಕೊನೆಯ ಆವೃತ್ತಿ ಅದೇ. ಹೊಸ ಆವೃತ್ತಿ ಬರಲಿಲ್ಲ ಎಂದು ಯಾವ ವಾರಪತ್ರಿಕೆಯೂ ಪುಟ ಕಟ್ಟುವುದನ್ನು ನಿಲ್ಲಿಸಲಿಲ್ಲ. ಕೆರೆ ಒತ್ತುವರಿಯ ಸುದ್ದಿ 2010ರಲ್ಲಿ ಮುನ್ನೂರು ಪದವಾಗಿದ್ದರೆ ಈಗಲೂ ಮುನ್ನೂರೇ ಪದ. ನಮ್ಮ ಕೆಲಸದ ಭಾರ ಹೆಚ್ಚಾಗಿಲ್ಲ. ಯಂತ್ರದ ಮೇಲೆ ಬೇರೆಯವರು ಹೇರಿದ ಭಾರ ಹೆಚ್ಚಾಗಿದೆ.

ಇಂಟೆಲ್ ಈ ಚಿಪ್ ತಯಾರಿಸುವುದನ್ನು ನಿಲ್ಲಿಸಿ ಬಹಳ ವರ್ಷಗಳಾದವು. ಅದಕ್ಕೆ ನಮ್ಮ ಆಕ್ಷೇಪ ಇಲ್ಲ. ಹೊಸದು ಬಂದಾಗ ಹಳೆಯದರ ಉತ್ಪಾದನೆ ನಿಲ್ಲುವುದು ವ್ಯಾಪಾರ ಧರ್ಮ. ಆದರೆ ಮಾರಾಟ ಆಗಿಹೋದ, ನಮ್ಮ ಮೇಜಿನ ಮೇಲೆ ಕೂತ, ನಾವು ಕಂತು ಕಟ್ಟಿ ತೀರಿಸಿದ ಯಂತ್ರದ ಆಯುಷ್ಯ ನಿರ್ಧರಿಸುವ ಹಕ್ಕು ಯಾರದು?

2018ರಲ್ಲಿ ನಡೆದದ್ದನ್ನು ನೆನಪಿಸಿಕೊಳ್ಳಿ. ಆ ವರ್ಷದ ಜನವರಿಯಲ್ಲಿ ಮೆಲ್ಟ್‌ಡೌನ್, ಸ್ಪೆಕ್ಟರ್ ಎಂಬ ಎರಡು ದೋಷಗಳು ಬಯಲಾದವು. ಅವು ಬಳಸುವವರು ಮಾಡಿದ ತಪ್ಪುಗಳಲ್ಲ, ಚಿಪ್‌ನ ವಿನ್ಯಾಸದಲ್ಲೇ ಇದ್ದ ತಪ್ಪುಗಳು. ಹೊಸ ಪ್ರೊಸೆಸರ್‌ಗಳಿಗೆ ಮೈಕ್ರೊಕೋಡ್ ತಿದ್ದುಪಡಿ ಬಂತು. ಏಪ್ರಿಲ್‌ನಲ್ಲಿ ಇಂಟೆಲ್ ಒಂದು ಪಟ್ಟಿ ಹೊರಡಿಸಿ, ಕೆಲವು ಹಳೆಯ ಕುಟುಂಬಗಳಿಗೆ ತಿದ್ದುಪಡಿ ಕೊಡುವುದಿಲ್ಲ ಎಂದಿತು. ಇ7500 ಸೇರಿದ ವುಲ್ಫ್‌ಡೇಲ್ ಕುಟುಂಬ ಆ ಪಟ್ಟಿಯಲ್ಲಿತ್ತು. ಕೊಟ್ಟ ಕಾರಣಗಳಲ್ಲಿ ಒಂದನ್ನು ಓದಿದರೆ ಅಳಬೇಕೋ ನಗಬೇಕೋ ತಿಳಿಯುವುದಿಲ್ಲ: ಇಂಥ ಚಿಪ್‌ಗಳು ಹೆಚ್ಚಾಗಿ ಹೊರಗಿನ ಸಂಪರ್ಕವಿಲ್ಲದ ಮುಚ್ಚಿದ ವ್ಯವಸ್ಥೆಗಳಲ್ಲಿವೆ, ಆದ್ದರಿಂದ ಅಪಾಯ ಕಡಿಮೆ ಎಂಬ ಅರ್ಥದ ಮಾತು. ಮುಚ್ಚಿದ ವ್ಯವಸ್ಥೆಯಂತೆ! ನಮ್ಮ ಡಿಟಿಪಿ ಸೆಂಟರ್‌ಗಳು, ಬಸ್ ಸ್ಟ್ಯಾಂಡ್ ಪಕ್ಕದ ಫೋಟೊ ಸ್ಟುಡಿಯೊಗಳು, ಸಹಕಾರ ಸಂಘದ ಕಚೇರಿಗಳು, ನಮ್ಮ ಮನೆಯ ಮೂಲೆಗಳು, ಇವೆಲ್ಲ ದಿನವಿಡೀ ಇಂಟರ್ನೆಟ್‌ಗೆ ತೆರೆದುಕೊಂಡಿದ್ದವು. ಲೆಕ್ಕ ಹಾಕಿದವರ ಕಣ್ಣಿಗೆ ನಾವು ಬಿದ್ದಿರಲಿಲ್ಲ, ಅಷ್ಟೇ.

ಇದಾದ ಮೇಲೆ 2021ರ ಅಕ್ಟೋಬರ್‌ನಲ್ಲಿ ವಿಂಡೋಸ್ 11 ಬಂತು. ಅದರ ಕನಿಷ್ಠ ಅರ್ಹತೆಯ ಪಟ್ಟಿಯಲ್ಲಿ 1 ಗಿಗಾಹರ್ಟ್ಸ್, ಎರಡು ಕೋರ್, 64 ಬಿಟ್ ಎಂದಿದೆ. ಇಷ್ಟನ್ನು ನಮ್ಮ ಇ7500 ಸಲೀಸಾಗಿ ದಾಟುತ್ತದೆ. ಅದರ ಜೊತೆಗೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಬೇಕು, ಒಪ್ಪಿತ ಪ್ರೊಸೆಸರ್‌ಗಳ ಪಟ್ಟಿಯಲ್ಲೂ ಹೆಸರಿರಬೇಕು. ಇಂಟೆಲ್ ಮಟ್ಟಿಗೆ ಆ ಪಟ್ಟಿ ಹೆಚ್ಚುಕಡಿಮೆ ಎಂಟನೇ ತಲೆಮಾರಿನಿಂದ ಶುರು. ಹದಿನೈದು ವರ್ಷದ ನಮ್ಮ ಡಬ್ಬದ ಮಾತು ಬಿಡಿ. 2017ರ ಜನವರಿಯಲ್ಲಿ ಬಂದ ಏಳನೇ ತಲೆಮಾರಿನ ಡೆಸ್ಕ್‌ಟಾಪ್ ಚಿಪ್‌ಗಳು ಹೊರಗೆ, ಅದೇ ವರ್ಷದ ಅಕ್ಟೋಬರ್‌ನಲ್ಲಿ ಬಂದ ಎಂಟನೇ ತಲೆಮಾರಿನವು ಒಳಗೆ. ಆದರೆ ಏಳನೇ ತಲೆಮಾರಿನ ಕೋರ್ ಐ7-7820ಎಚ್‌ಕ್ಯೂ ಎಂಬ ಒಂದು ಚಿಪ್‌ಗೆ, ಆಯ್ದ ಕೆಲವು ಯಂತ್ರಗಳಲ್ಲಿದ್ದರೆ ಮಾತ್ರ, ವಿನಾಯಿತಿ ಸಿಕ್ಕಿತು. ಆ ಚಿಪ್ ಇದ್ದದ್ದು ಮೈಕ್ರೊಸಾಫ್ಟ್‌ನ ಸ್ವಂತ ಸರ್ಫೇಸ್ ಸ್ಟುಡಿಯೊ 2 ಎಂಬ ದುಬಾರಿ ಡೆಸ್ಕ್‌ಟಾಪ್‌ನಲ್ಲಿ. ಗೌಡರ ಮನೆ ಬಾವಿಗೆ ಒಂದು ಕಾನೂನು, ಕೇರಿಯ ಬಾವಿಗೆ ಇನ್ನೊಂದು. ಇದನ್ನು ತಾಂತ್ರಿಕ ಕಾರಣ ಎಂದು ನಂಬಬೇಕಂತೆ.

2024ರಲ್ಲಿ ಬಂದ 24ಎಚ್2 ಆವೃತ್ತಿ ಉಳಿದ ಕಿಂಡಿಯನ್ನೂ ಮುಚ್ಚಿತು. ಎಸ್‌ಎಸ್‌ಇ 4.2, ಪಾಪ್‌ಕೌಂಟ್ ಎಂಬ ಆದೇಶಗಳು ಚಿಪ್‌ನಲ್ಲಿ ಇಲ್ಲದಿದ್ದರೆ ಅದು ಬೂಟ್ ಆಗುವುದೇ ಇಲ್ಲ. ಕೋರ್ 2 ಕುಟುಂಬದಲ್ಲಿ ಅವು ಇಲ್ಲ, ನಂತರದ ನೆಹಲೆಮ್ ಪೀಳಿಗೆಯಲ್ಲಿ ಬಂದವು. ಕೊನೆಗೆ 2025ರ ಅಕ್ಟೋಬರ್ 14ರಂದು ವಿಂಡೋಸ್ 10ರ ಉಚಿತ ಬೆಂಬಲ ಮುಗಿಯಿತು. ಅಲ್ಲಿಗೆ ತಿಥಿ ಊಟವೂ ಆಯಿತು.

‘ಅಜ್ಜ ನೆಟ್ಟ ಆಲದ ಮರಕ್ಕೆ ನೇಣು ಹಾಕಿಕೊಳ್ಳಬೇಡಿ, ಹೊಸದು ತಗೊಳ್ಳಿ, ಭದ್ರತೆ ಮುಖ್ಯ’ ಎನ್ನುವವರಿದ್ದಾರೆ. ಅವರ ಮಾತಿನಲ್ಲಿ ಹುರುಳೇ ಇಲ್ಲ ಎಂದು ನಾವು ಹೇಳುವುದಿಲ್ಲ. ಭದ್ರತಾ ತಿದ್ದುಪಡಿ ಬಾರದ ಯಂತ್ರದಲ್ಲಿ ಬ್ಯಾಂಕ್ ವ್ಯವಹಾರ ಮಾಡುವುದು ಬಾಗಿಲು ತೆರೆದಿಟ್ಟು ಮಲಗಿದಂತೆ. ಸುದ್ದಿಮೂಲದ ಹೆಸರು, ದಾಖಲೆ ಇಟ್ಟುಕೊಳ್ಳುವ ನಮ್ಮಂಥವರಿಗೆ ಆ ಅಪಾಯ ಇನ್ನೂ ಹೆಚ್ಚು. ಹಳೆಯ ಯಂತ್ರ ಅದೇ ಕೆಲಸಕ್ಕೆ ಹೆಚ್ಚು ಕರೆಂಟ್ ತಿನ್ನುವುದೂ ನಿಜ. ಆದರೆ ಬೀಗ ತಯಾರಿಸುವವನೇ ಬೀಗ ಕೊಡುವುದನ್ನು ನಿಲ್ಲಿಸಿ, ಆಮೇಲೆ ‘ನಿಮ್ಮ ಮನೆಗೆ ಬೀಗವಿಲ್ಲ, ಮನೆಯನ್ನೇ ಕೆಡವಿ ಹೊಸದು ಕಟ್ಟಿ’ ಎಂದರೆ ಅದನ್ನು ಭದ್ರತೆಯ ಕಾಳಜಿ ಎನ್ನಲಾದೀತೆ? ಜಾತ್ರೆಯಲ್ಲಿ ಎತ್ತು ಕೊಳ್ಳುವ ರೈತ ಹಲ್ಲು ನೋಡುತ್ತಾನೆ, ನಾಲ್ಕು ಹೆಜ್ಜೆ ನಡೆಸಿಯೂ ನೋಡುತ್ತಾನೆ. ಇಲ್ಲಿ ನಡೆಸಿ ನೋಡುವ ಮಾತೇ ಇಲ್ಲ.

ಹೊಸದು ತಗೊಳ್ಳಿ ಎನ್ನುವವರು ಯಾರ ಜೇಬಿನಿಂದ ಎಂದೂ ಹೇಳಬೇಕು. ಸ್ಟ್ರಿಂಗರ್ ಎಂದರೆ ಸಂಬಳದವನಲ್ಲ. ಪ್ರಕಟವಾದ ಸುದ್ದಿಯ ಲೆಕ್ಕದಲ್ಲಿ, ಅದೂ ಬಂದಾಗ ಬಂತು ಎನ್ನುವ ಸಂಭಾವನೆ ನಮ್ಮದು. ಬೈಕ್ ಪೆಟ್ರೋಲ್ ನಮ್ಮದು, ಡೇಟಾ ರೀಚಾರ್ಜ್ ನಮ್ಮದು, ಕಂಪ್ಯೂಟರ್ ಕೂಡ ನಮ್ಮದೇ. ಒಂದು ಹೊಸ ಡೆಸ್ಕ್‌ಟಾಪ್ ಎಂದರೆ ನಮ್ಮಲ್ಲಿ ಹಲವರಿಗೆ ತಿಂಗಳುಗಟ್ಟಲೆ ದುಡಿಮೆ. ‘ಮೊಬೈಲ್‌ನಲ್ಲೇ ಟೈಪ್ ಮಾಡಿ ಕಳಿಸ್ರೀ’ ಎನ್ನುವ ಡೆಸ್ಕ್‌ನವರಿಗೆ ಒಂದು ಮಾತು: ಬಜೆಟ್ ಪ್ರತಿ, ಆಡಿಟ್ ವರದಿ, ಆರ್‌ಟಿಐ ಉತ್ತರದ ನೂರು ಪುಟ, ಇವನ್ನು ಅಂಗೈಯಗಲದ ಪರದೆಯಲ್ಲಿ ಪಕ್ಕಪಕ್ಕ ಇಟ್ಟು ತಾಳೆ ನೋಡಲು ಆಗುವುದಿಲ್ಲ. ಡೆಸ್ಕ್‌ಟಾಪ್ ಹೋದ ಕಡೆ ತನಿಖಾ ವರದಿಯೂ ಹೋಗುತ್ತದೆ. ಉಳಿಯುವುದು ಪ್ರೆಸ್‌ನೋಟ್ ಫಾರ್ವರ್ಡ್ ಮಾಡುವ ಕೆಲಸ ಮಾತ್ರ.

ಇದಕ್ಕಿಂತ ದೊಡ್ಡ ನಷ್ಟ ಇನ್ನೊಂದಿದೆ. ಅದರ ಬಗ್ಗೆ ಯಾರೂ ಮಾತಾಡುತ್ತಿಲ್ಲ. ಯೂನಿಕೋಡ್‌ನಲ್ಲಿ ಕನ್ನಡ 1991ರ ಮೊದಲ ಆವೃತ್ತಿಯಿಂದಲೇ ಇದೆ. ಆದರೂ ನಮ್ಮ ಪತ್ರಿಕಾ ಲೋಕ ವರ್ಷಾನುಗಟ್ಟಲೆ ಬಳಸಿದ್ದು ಆಸ್ಕಿ ಫಾಂಟ್‌ಗಳನ್ನು. ಅದರ ಕೆಲಸ ಹೇಗೆಂದರೆ, ಕಂಪ್ಯೂಟರ್‌ನ ಒಳಗೆ ಇರುವುದು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಸಂಕೇತ. ಅದರ ಮೇಲೆ ಕನ್ನಡದ ಒತ್ತು, ಕೊಂಬು, ದೀರ್ಘಗಳ ಚಿತ್ರ ಅಂಟಿಸಿರುತ್ತಾರೆ. ಆ ಫಾಂಟ್ ಇಲ್ಲದ ಯಂತ್ರದಲ್ಲಿ ಕಡತ ತೆರೆದರೆ ಕಾಣುವುದು ಅರ್ಥವಿಲ್ಲದ ಅಕ್ಷರಗಳ ರಾಶಿ. ಅದರಲ್ಲಿ ‘ಬರ’ ಎಂದು ಹುಡುಕಿದರೆ ಏನೂ ಸಿಗದು. ಕೆಲವು ತಂತ್ರಾಂಶಗಳು ಡಾಂಗಲ್ ಚುಚ್ಚಿದರೆ ಮಾತ್ರ ನಡೆಯುತ್ತವೆ. ಅಂದರೆ ಹದಿನೈದು ವರ್ಷದ ಬರ, ನೆರೆ, ಪಂಚಾಯಿತಿ ಚುನಾವಣೆ, ಉದ್ಯೋಗ ಖಾತ್ರಿ ಅವ್ಯವಹಾರ, ಮುಚ್ಚಿಹೋದ ಕನ್ನಡ ಶಾಲೆಗಳ ಸುದ್ದಿ ಇರುವುದು ಇಂಥ ಹಳೆಯ ಡಬ್ಬಗಳಲ್ಲಿ. ಎಷ್ಟೋ ಸಣ್ಣ ಪತ್ರಿಕೆಗಳಿಗೆ ಬೇರೆ ಕಡತಾಗಾರವೇ ಇಲ್ಲ. ಆ ಡೆಸ್ಕ್‌ಟಾಪ್ ಗುಜರಿಗೆ ಹೋದ ದಿನ ಒಂದು ತಾಲ್ಲೂಕಿನ ಇತಿಹಾಸ ಕೆ.ಜಿ. ಲೆಕ್ಕದಲ್ಲಿ ಮಾರಾಟವಾಗುತ್ತದೆ.

ಹಾಗಾದರೆ ದಾರಿ ಇಲ್ಲವೇ? ಇದೆ. ಯುರೋಪಿನಲ್ಲಿ ಗ್ರಾಹಕ ಸಂಘಟನೆಗಳು ಪಟ್ಟು ಹಿಡಿದ ಮೇಲೆ ಅಲ್ಲಿನ ಜನರಿಗೆ ವಿಂಡೋಸ್ 10ರ ಭದ್ರತಾ ತಿದ್ದುಪಡಿಯನ್ನು ಇನ್ನೊಂದು ವರ್ಷ, ಹಣವಿಲ್ಲದೆ, ಬ್ಯಾಕಪ್ ಷರತ್ತಿಲ್ಲದೆ ಕೊಡಲು ಮೈಕ್ರೊಸಾಫ್ಟ್ ಒಪ್ಪಿತು. ನಮ್ಮಂಥ ದೇಶದವರಿಗೆ ಇಟ್ಟ ಷರತ್ತು ಬೇರೆ: 30 ಡಾಲರ್ ಕಟ್ಟಿ, ಅಥವಾ 1000 ರಿವಾರ್ಡ್ ಪಾಯಿಂಟ್ ಕೊಡಿ, ಅಥವಾ ನಿಮ್ಮ ಸೆಟ್ಟಿಂಗ್‌ಗಳನ್ನು ಅವರ ಕ್ಲೌಡ್‌ಗೆ ಒಪ್ಪಿಸಿ. ತಂತ್ರಜ್ಞಾನ ಎರಡೂ ಕಡೆ ಒಂದೇ. ಅವರು ಕೇಳಿದರು, ನಾವು ಕೇಳಲಿಲ್ಲ. ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಡಿಸೆಂಬರ್‌ನಲ್ಲಿ ರಿಪೇರಿ ಹಕ್ಕಿನ ಪೋರ್ಟಲ್ ತೆರೆಯಿತು. ಒಳ್ಳೆಯದೇ. ಆದರೆ ಸ್ಕ್ರೂ ಬಿಚ್ಚುವ ಹಕ್ಕು ಕೊಟ್ಟು ತಂತ್ರಾಂಶಕ್ಕೆ ಬೀಗ ಹಾಕಿದರೆ ಅದು ಅರ್ಧ ಹಕ್ಕು. ತಂತ್ರಾಂಶದ ಬೆಂಬಲ ಎಷ್ಟು ವರ್ಷ ಎಂಬುದು ಮಾರುವ ದಿನವೇ ಡಬ್ಬದ ಮೇಲೆ ಅಚ್ಚಾಗಿರಬೇಕು. ಔಷಧಿಗೆ ಮುಕ್ತಾಯ ದಿನಾಂಕ ಅಚ್ಚು ಮಾಡಿಸುವ ಸರ್ಕಾರಕ್ಕೆ ಇದು ಕಷ್ಟದ ಕೆಲಸವಲ್ಲ.

ಸರ್ಕಾರಿ ಕಚೇರಿಗಳು, ಶಾಲೆಗಳು ವಿಲೇವಾರಿ ಮಾಡುವ ಡೆಸ್ಕ್‌ಟಾಪ್‌ಗಳನ್ನು ಹರಾಜಿಗೆ ಹಾಕುವ ಮೊದಲು ಲಿನಕ್ಸ್ ಹಾಕಿ ಗ್ರಾಮ ಪಂಚಾಯಿತಿ ಗ್ರಂಥಾಲಯಗಳಿಗೆ ಕೊಡಲಿ. ಡೆಬಿಯನ್‌ನ 64 ಬಿಟ್ ಆವೃತ್ತಿ ಕೋರ್ 2 ಡ್ಯುಯೊ ಮೇಲೆ ನಡೆಯುತ್ತದೆ, ತಿದ್ದುಪಡಿಗಳೂ ಬರುತ್ತವೆ. ಐಬಸ್‌ನಲ್ಲಿ ನುಡಿಯವರಿಗೆ ಕೈ ಪಳಗಿದ ಕೆಜಿಪಿ ಕೀಲಿಮಣೆ ಸಿಗುತ್ತದೆ. ಲಿನಕ್ಸ್ ಲೋಕವೂ ಪೂರ್ತಿ ನಮ್ಮ ಪರ ಎಂದಲ್ಲ. ರೆಡ್ ಹ್ಯಾಟ್‌ನ 9ನೇ ಆವೃತ್ತಿ ಇಂಥ ಚಿಪ್‌ಗಳನ್ನು ಕೈಬಿಟ್ಟಿದೆ. ಆದರೆ ಅಲ್ಲಿ ಒಬ್ಬ ಬಾಗಿಲು ಹಾಕಿದರೆ ಇನ್ನೊಬ್ಬ ತೆರೆದಿರುತ್ತಾನೆ. ಅದೇ ವ್ಯತ್ಯಾಸ.

ಪತ್ರಿಕೋದ್ಯಮ ವಿಭಾಗಗಳಿಗೂ ಒಂದು ಕೆಲಸವಿದೆ. ವಿದ್ಯಾರ್ಥಿಗಳಿಗೆ ರೀಲ್ಸ್ ಎಡಿಟಿಂಗ್ ಕಲಿಸಿ, ಬೇಡ ಎನ್ನುವುದಿಲ್ಲ. ಜೊತೆಗೆ ಒಂದು ಸೆಮಿಸ್ಟರ್ ಪ್ರಾಜೆಕ್ಟ್ ಆಗಿ ತಮ್ಮೂರಿನ ಒಂದು ವಾರಪತ್ರಿಕೆಯ ಹಳೆಯ ಆಸ್ಕಿ ಕಡತಗಳನ್ನು ಯೂನಿಕೋಡ್‌ಗೆ ಪರಿವರ್ತಿಸಿ ಉಳಿಸುವ ಕೆಲಸ ಕೊಡಿ. ಪರಿವರ್ತಕಗಳು ಇವೆ. ಒತ್ತಕ್ಷರ ತಪ್ಪುವ ಕಡೆ ಕೂತು ತಿದ್ದುವ ಕೈಗಳು ಬೇಕು, ಅಷ್ಟೇ. ಈ ಕೆಲಸ ಆ ಡೆಸ್ಕ್‌ಟಾಪ್‌ಗಳು ಇನ್ನೂ ಎದ್ದು ಕೂರುತ್ತಿರುವಾಗಲೇ ಆಗಬೇಕು. ಹಾರ್ಡ್‌ಡಿಸ್ಕ್ ಕಟಕಟ ಎನ್ನಲು ಶುರುಮಾಡಿದ ಮೇಲೆ ಯಾವ ಕಂಪನಿಯನ್ನು ಬೈದರೂ ಪ್ರಯೋಜನವಿಲ್ಲ.

ಹಳೆಯದರ ಮೇಲೆ ಮೋಹ ಎಂದು ಇದನ್ನು ತಳ್ಳಿಹಾಕಬೇಡಿ. ನಮಗೆ ಪ್ರೊಸೆಸರ್ ಮೇಲೆ ಮೋಹವಿಲ್ಲ. ವೇಗದ ಯಂತ್ರ ಯಾರಾದರೂ ಕೊಟ್ಟರೆ ನಾಳೆಯೇ ಅದರಲ್ಲಿ ಕೂತು ಬರೆಯುತ್ತೇವೆ. ನಮ್ಮ ಪ್ರಶ್ನೆ ಒಡೆತನದ್ದು. ದುಡ್ಡು ಕೊಟ್ಟು ತಂದ ಯಂತ್ರದ ಮೇಲೆ, ಅದರೊಳಗೆ ನಾವೇ ಬರೆದಿಟ್ಟ ಊರಿನ ಕತೆಗಳ ಮೇಲೆ ಕೊನೆಯ ಮಾತು ನಮ್ಮದೋ, ನಮ್ಮೂರಿನ ಹೆಸರೂ ಕೇಳದವರದೋ? ಹಳ್ಳಿಯ ಹೊಲ, ಕೆರೆ, ದಾರಿಯ ವಿಚಾರದಲ್ಲಿ ಈ ಪ್ರಶ್ನೆಯನ್ನು ದಿನಾ ಕೇಳಿ ಬರೆಯುವವರು ನಾವು. ನಮ್ಮ ಮೇಜಿನ ಮೇಲಿನ ವಸ್ತುವಿನ ವಿಚಾರದಲ್ಲಿ ಮಾತ್ರ ಸುಮ್ಮನಿರುವುದು ಸರಿಯಲ್ಲ.