ಹಿಂದೆ ಕುಳಿತ ಶಿಷ್ಯ ಎಚ್ಚರವಾಗಿದ್ದರೆ

“ಸರ್ವರ್ ಡೌನ್ ಆಗೇತ್ರಿ ಯಜಮಾನ್ರ, ನಾಳಿ ಬರ್ರಿ.”

ಉತಾರ ತೆಗೆಸಲೆಂದು ಹಳ್ಳಿಯಿಂದ ಬಸ್ಸು ಹಿಡಿದು ಬಂದವರಿಗೆ ಈ ಮಾತು ಹೊಸದಲ್ಲ. ಕುಂದಗೋಳವಿರಲಿ, ನವಲಗುಂದವಿರಲಿ, ರಾಜ್ಯದ ಇನ್ನಾವುದೇ ತಾಲ್ಲೂಕು ಇರಲಿ, ಒಂದಿಲ್ಲೊಂದು ದಿನ ಇದು ಕಿವಿಗೆ ಬಿದ್ದೇ ಬೀಳುತ್ತದೆ. ಬೆಳೆವಿಮೆಯ ಕಂತು ಕಟ್ಟಲು ಮರುದಿನವೇ ಕಡೆಯ ದಿನವಾಗಿದ್ದರೆ? ಎರಿ ಹೊಲದಲ್ಲಿ ಹೆಸರು, ಶೇಂಗಾ, ಹತ್ತಿ, ಮೆಣಸಿನಗಿಡ ನಂಬಿ ಕುಳಿತವನಿಗೆ ಮಳೆ ಕೈಕೊಟ್ಟ ವರ್ಷ ಆಸರೆಯಾಗುವುದೇ ಆ ವಿಮೆ. ಅವನಿಗೂ ಅದಕ್ಕೂ ನಡುವೆ ನಿಂತಿರುವುದು ಅವನು ಎಂದೂ ಕಣ್ಣಿಂದ ಕಾಣದ ಒಂದು ಗಣಕಯಂತ್ರ. ಅದು ಮಲಗಿದರೆ ಅದರ ಕೆಲಸವನ್ನು ಇನ್ನೊಂದು ಯಂತ್ರ ಎತ್ತಿಕೊಳ್ಳಬಾರದೇಕೆ?

ಎತ್ತಿಕೊಳ್ಳಬಹುದು. ಅದಕ್ಕೊಂದು ವಿದ್ಯೆಯೇ ಇದೆ. ಆದರೆ ಅದು ಅಂದುಕೊಂಡಷ್ಟು ಸಲೀಸಲ್ಲ.

ಹಿಂದೆ ಉತಾರ, ಅಂದರೆ ಪಹಣಿ, ತಲಾಠಿಯ ಕೈಬರಹದಲ್ಲಿತ್ತು. ರಾಜ್ಯದಲ್ಲಿ ಸುಮಾರು 9,000 ಗ್ರಾಮ ಲೆಕ್ಕಿಗರು ಈ ದಫ್ತರಗಳನ್ನು ಕಾಯುತ್ತಿದ್ದರು. ಇಪ್ಪತ್ತೊಂದನೆಯ ಶತಮಾನದ ಹೊಸ್ತಿಲಲ್ಲಿ ಬಂದ ‘ಭೂಮಿ’ ಯೋಜನೆ ಸುಮಾರು 67 ಲಕ್ಷ ರೈತರ 2 ಕೋಟಿ ದಾಖಲೆಗಳನ್ನು ಗಣಕಕ್ಕೆ ಏರಿಸಿತು. ಗಣಕ ಶುರುವಾದ ತಾಲ್ಲೂಕಿನಲ್ಲಿ ಕೈಬರಹದ ಪಹಣಿಗೆ ಮಾನ್ಯತೆ ಹೋಯಿತು. ತಲಾಠಿಯನ್ನು ಹುಡುಕಿಕೊಂಡು ಅಲೆಯುವುದು ತಪ್ಪಿತು. ಆದರೆ ಗಣಕ ನಿಂತರೆ ಬೇರೆ ದಾರಿಯೂ ಇಲ್ಲವಾಯಿತು.

ಮೊದಮೊದಲು ಆಯಾ ತಾಲ್ಲೂಕಿನ ಸರ್ವರ್ ಆಯಾ ಕಚೇರಿಯಲ್ಲೇ ಇತ್ತು. ಕೆಟ್ಟರೆ ಆ ತಾಲ್ಲೂಕಿಗಷ್ಟೇ ತೊಂದರೆ. ಮುಂದೆ ದಾಖಲೆಗಳೆಲ್ಲ ಬೆಂಗಳೂರಿನ ರಾಜ್ಯ ದತ್ತಾಂಶ ಕೇಂದ್ರಕ್ಕೆ ಸೇರಿದವು. ಕುಂದಗೋಳದ ಹೊಲದ ಉತಾರವನ್ನು ಹುಬ್ಬಳ್ಳಿಯಲ್ಲೋ ಮಂಗಳೂರಿನಲ್ಲೋ ಕುಳಿತು ತೆಗೆಯುವ ಅನುಕೂಲ ಬಂತು. ಜೊತೆಗೇ ಊರಿನ ಕಾಳನ್ನೆಲ್ಲ ಒಂದೇ ಹಗೇವಿನಲ್ಲಿ ತುಂಬಿದಂತೆಯೂ ಆಯಿತು. ಅಂಥ ಹಗೇವಿಗೆ ನೀರು ಹೊಕ್ಕರೆ ಒಂದು ಮನೆಯಲ್ಲ, ಇಡೀ ಊರೇ ಉಪವಾಸ.

ಆದ್ದರಿಂದಲೇ ಇಂಥ ಕೇಂದ್ರಗಳಲ್ಲಿ ಮುಖ್ಯ ಗಣಕದ ಜೊತೆ ಇನ್ನೊಂದನ್ನು ಸಿದ್ಧವಾಗಿ ಇಡುವ ಪದ್ಧತಿ. ಮೊದಲನೆಯದು ಬಿದ್ದ ಕೂಡಲೇ ಎರಡನೆಯದು ಕೆಲಸ ಎತ್ತಿಕೊಳ್ಳಬೇಕು. ಗಣಕದವರ ಭಾಷೆಯಲ್ಲಿ ಇದಕ್ಕೆ ‘ಫೇಲ್‌ಓವರ್’ ಎಂದು ಹೆಸರು.

ಕುಂದಗೋಳದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಸವಾಯಿ ಗಂಧರ್ವರು ಪಾಠ ಹೇಳಿದ ಊರಿದು. ಭೀಮಸೇನ ಜೋಶಿಯವರು ಇಲ್ಲಿದ್ದು ಕಲಿತರು. ಗಂಗೂಬಾಯಿ ಹಾನಗಲ್ಲರು ಹುಬ್ಬಳ್ಳಿಯಿಂದ ರೈಲಿನಲ್ಲಿ ಬಂದು ಕಲಿತರು. ಮುಂದೆ ಗಂಗೂಬಾಯಿಯವರ ಕಛೇರಿಗಳಲ್ಲಿ ಮಗಳು ಕೃಷ್ಣಾ ಹಿಂದೆ ಕುಳಿತು ವರ್ಷಗಟ್ಟಲೆ ದನಿಗೂಡಿಸಿದರು. ಗುರು ಉಸಿರಿಗೆಂದು ನಿಂತ ಗಳಿಗೆಯಲ್ಲಿ ಹಿಂದಿನ ದನಿ ಅದೇ ಶ್ರುತಿಯಲ್ಲಿ, ಅದೇ ರಾಗದಲ್ಲಿ, ಅದೇ ಜಾಗದಿಂದ ಮುಂದುವರಿಯಬೇಕು. ಅದು ಸಾಧ್ಯವಾಗಬೇಕಾದರೆ ಶಿಷ್ಯ ಆರಂಭದಿಂದಲೂ ಎಚ್ಚರದಿಂದ ಕೇಳುತ್ತಿರಬೇಕು. ಹೊರಗೆ ಚಹಾ ಕುಡಿಯುತ್ತಿದ್ದವನನ್ನು ಕರೆತಂದು ಕೂರಿಸಿದರೆ ನಡೆಯದು.

ಗಣಕಕ್ಕೂ ಇದೇ ಮೊದಲ ಪಾಠ. ಮುಖ್ಯ ಯಂತ್ರದಲ್ಲಿ ಬರೆದದ್ದೆಲ್ಲ ಕೂಡಲೇ ಎರಡನೆಯದರಲ್ಲೂ ನಕಲಾಗುತ್ತಿರಬೇಕು. ಒರೇಕಲ್, ಎಸ್‌ಕ್ಯೂಎಲ್ ಸರ್ವರ್, ಪೋಸ್ಟ್‌ಗ್ರೆಸ್ ಮುಂತಾದ ಎಲ್ಲ ಡೇಟಾಬೇಸ್‌ಗಳಲ್ಲೂ ಬೇರೆ ಬೇರೆ ಹೆಸರಿನಲ್ಲಿ ಈ ಏರ್ಪಾಡು ಇದೆ. ಅದರಲ್ಲಿ ಎರಡು ಬಗೆ. ಒಂದರಲ್ಲಿ ಎರಡೂ ಯಂತ್ರ ಬರೆದುಕೊಂಡ ಮೇಲಷ್ಟೇ ‘ಕೆಲಸ ಆಯಿತು’ ಎಂಬ ಉತ್ತರ. ಇನ್ನೊಂದರಲ್ಲಿ ಮೊದಲನೆಯದು ಬರೆದ ಕೂಡಲೇ ಉತ್ತರ. ನಕಲು ಹಿಂದಿನಿಂದ ಹೋಗುತ್ತದೆ. ಎರಡನೆಯ ಬಗೆ ಚುರುಕು. ಆದರೆ ಮುಖ್ಯ ಯಂತ್ರ ಹಠಾತ್ತನೆ ಸತ್ತರೆ ಕಡೆಯ ಕೆಲವು ಸೆಕೆಂಡುಗಳ ಬರಹ ಅದರ ಜೊತೆಗೇ ಹೋಗುತ್ತದೆ. ಹೋದದ್ದು ಸಿನಿಮಾ ಹಾಡಾದರೆ ಚಿಂತೆಯಿಲ್ಲ. ತೀರಿಸಿದ ಸಾಲದ ಬೋಜಾ ಕಡಿಮೆ ಮಾಡಿದ ನಮೂದೋ, ಅಣ್ಣ-ತಮ್ಮಂದಿರ ವಾರಸಾ ನಮೂದೋ ಆದರೆ?

ಹಾಗಿದ್ದರೆ ಮೊದಲ ಬಗೆಯನ್ನೇ ಇಟ್ಟುಕೊಂಡರಾಯಿತಲ್ಲ ಎನ್ನಬಹುದು. ಅದಕ್ಕೆ ದೂರದ ತೊಡಕು. ಗಾಜಿನ ಎಳೆಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಓಡುತ್ತದೆ. ಬೆಂಗಳೂರಿನಿಂದ ಕುಂದಗೋಳದಷ್ಟು, ಅಂದರೆ ಸುಮಾರು 400 ಕಿ.ಮೀ. ದೂರ ಹೋಗಿ ಬರಲು ಸೆಕೆಂಡಿನ ಸಾವಿರದಲ್ಲಿ 4 ಪಾಲು ಬೇಕು. ಒಂದು ನಮೂದಿಗೆ ಇದು ಏನೂ ಅಲ್ಲ. ಸಾವಿರಾರು ಜನ ಒಟ್ಟಿಗೆ ಕೇಳಿದಾಗ ಸಾಲು ಬೆಳೆಯುತ್ತದೆ. ಅದಕ್ಕೇ ಅನುಭವಸ್ಥರು ಒಂದು ಜೋಡಿಯನ್ನು ಹತ್ತಿರವಿಟ್ಟು ಕೂಡಿ ಬರೆಯಲು ಹಚ್ಚುತ್ತಾರೆ. ಮತ್ತೊಂದನ್ನು ದೂರದ ಊರಿನಲ್ಲಿಟ್ಟು ಹಿಂದಿನಿಂದ ನಕಲು ಕಳಿಸುತ್ತಾರೆ. ಕಟ್ಟಡಕ್ಕೇ ಬೆಂಕಿ ಬಿದ್ದರೂ ದೂರದ್ದು ಉಳಿಯುತ್ತದೆ.

ಎರಡನೆಯ ಪಾಠ: ಮೊದಲನೆಯದು ಸತ್ತಿದೆ ಎಂದು ತಿಳಿಯುವುದು ಹೇಗೆ? ಎರಡೂ ಯಂತ್ರಗಳು ಆಗಾಗ ‘ಇದ್ದೇನೆ, ಇದ್ದೇನೆ’ ಎಂದು ಸುದ್ದಿ ಕಳಿಸುತ್ತಿರುತ್ತವೆ. ಇದಕ್ಕೆ ‘ಹಾರ್ಟ್‌ಬೀಟ್’ ಎನ್ನುತ್ತಾರೆ, ಎದೆಬಡಿತ. ಎಷ್ಟು ಸೆಕೆಂಡು ಬಡಿತ ಕೇಳದಿದ್ದರೆ ಸತ್ತಿತೆಂದು ತಿಳಿಯಬೇಕು ಎಂಬುದನ್ನು ಮನುಷ್ಯರೇ ನಿಗದಿ ಮಾಡಬೇಕು. ಎರಡು ಸೆಕೆಂಡು ಎಂದರೆ ಸುಮ್ಮನೆ ನಿದ್ದೆ ತೂಗಿದವನನ್ನೂ ಚಟ್ಟಕ್ಕೆ ಕಟ್ಟಿದಂತೆ. ಐದು ನಿಮಿಷ ಎಂದರೆ ಅಷ್ಟು ಹೊತ್ತು ಜನ ಸಾಲಿನಲ್ಲಿ ನಿಲ್ಲಬೇಕು.

ನಿಜವಾದ ಅಪಾಯ ಇರುವುದು ಇಲ್ಲೇ. ಎರಡೂ ಯಂತ್ರ ಗಟ್ಟಿಮುಟ್ಟಾಗಿದ್ದು ನಡುವಿನ ತಂತಿ ಮಾತ್ರ ಕಡಿದರೆ? ಎರಡನೆಯದು ತಾನೇ ಯಜಮಾನ ಎಂದು ಏಳುತ್ತದೆ. ಮೊದಲನೆಯದು ಪಟ್ಟ ಬಿಟ್ಟಿರುವುದಿಲ್ಲ. ಒಂದೇ ಹೊಲಕ್ಕೆ ಎರಡು ದಫ್ತರ! 2018ರ ಅಕ್ಟೋಬರ್ 21ರಂದು ಅಮೆರಿಕದ ಗಿಟ್‌ಹಬ್ ಸಂಸ್ಥೆಗೆ ಆದದ್ದು ಇಂಥದೇ. ಪೂರ್ವ ಕರಾವಳಿಯ ಕೇಂದ್ರದೊಡನೆ ಸಂಪರ್ಕ ತಪ್ಪಿದ್ದು ಬರೀ 43 ಸೆಕೆಂಡು. ಅಷ್ಟರಲ್ಲಿ ಪಶ್ಚಿಮದ ಡೇಟಾಬೇಸ್‌ಗೆ ಯಜಮಾನಿಕೆ ಹೋಗಿತ್ತು. ಪೂರ್ವದಲ್ಲಿದ್ದ ಕೆಲವು ಬರಹಗಳು ಪಶ್ಚಿಮಕ್ಕೆ ತಲುಪಿರಲಿಲ್ಲ. ಎಲ್ಲವನ್ನೂ ಹೊಂದಿಸಿ ಸರಿಮಾಡಲು ಹಿಡಿದದ್ದು 24 ಗಂಟೆ 11 ನಿಮಿಷ.

ಇದಕ್ಕೆ ಮದ್ದು ನಮ್ಮ ಹಳ್ಳಿಗಳಿಗೆ ಗೊತ್ತಿರುವುದೇ: ಪಂಚರು. ಇಬ್ಬರೇ ಇದ್ದರೆ ಜಗಳ ಬಗೆಹರಿಯದು, ಮೂರನೆಯವನೊಬ್ಬ ಬೇಕು. ಮೂರರಲ್ಲಿ ಎರಡು ಮತ ಇದ್ದವನಿಗಷ್ಟೇ ಬರೆಯುವ ಅಧಿಕಾರ. ಮೂರನೆಯದು ದೊಡ್ಡ ಯಂತ್ರವಾಗಬೇಕಿಲ್ಲ, ಸಾಕ್ಷಿ ಹೇಳುವ ಸಣ್ಣ ಗಣಕವೂ ಸಾಕು. ಅದು ಮಿಕ್ಕೆರಡೂ ಇರುವ ಕೋಣೆಯಲ್ಲೇ ಇರಬಾರದು, ಅಷ್ಟೆ. ಮತ ಕಳೆದುಕೊಂಡ ಯಂತ್ರ ಮತ್ತೆ ಬರೆಯದಂತೆ ಅದರ ವಿದ್ಯುತ್ತನ್ನೇ ಕಡಿಯುವ ಏರ್ಪಾಡೂ ಉಂಟು. ಇಂಗ್ಲಿಷಿನಲ್ಲಿ ಅದರ ಅಡ್ಡಹೆಸರನ್ನು ಬಿಡಿಸಿದರೆ ‘ಇನ್ನೊಬ್ಬನ ತಲೆಗೆ ಗುಂಡು ಹೊಡೆ’ ಎಂದಾಗುತ್ತದೆ. ಕೇಳಲು ಕ್ರೂರ, ಎರಡು ದಫ್ತರ ಹುಟ್ಟುವುದಕ್ಕಿಂತ ವಾಸಿ.

ಜೋಡಿ ಇದೆಯೆಂದು ಬ್ಯಾಕಪ್ ಪ್ರತಿ ಇಡುವುದನ್ನು ಬಿಟ್ಟವರೂ ಕೆಟ್ಟಿದ್ದಾರೆ. ನಕಲು ಮಾಡುವ ಯಂತ್ರಕ್ಕೆ ಸರಿ-ತಪ್ಪು ತಿಳಿಯದು. ಯಾರೋ ಕೈತಪ್ಪಿ ಒಂದು ಹೋಬಳಿಯ ನಮೂದುಗಳನ್ನೆಲ್ಲ ಅಳಿಸಿದರೆ ಎರಡನೆಯದೂ ವಿಧೇಯವಾಗಿ ಅಳಿಸುತ್ತದೆ. 2017ರ ಜನವರಿ 31ರಂದು ಗಿಟ್‌ಲ್ಯಾಬ್ ಸಂಸ್ಥೆಯ ಎಂಜಿನಿಯರ್ ಒಬ್ಬರು ಜೋಡಿ ಯಂತ್ರವೆಂದು ತಿಳಿದು ಮುಖ್ಯ ಯಂತ್ರದ ಮಾಹಿತಿಯನ್ನೇ ಅಳಿಸಿದರು. ನಂಬಿಕೊಂಡಿದ್ದ ಬ್ಯಾಕಪ್‌ಗಳು ಆ ಹೊತ್ತಿಗೆ ಕೈಕೊಟ್ಟವು. ಆರು ಗಂಟೆ ಮೊದಲು ಬೇರೆ ಕೆಲಸಕ್ಕೆಂದು ತೆಗೆದಿದ್ದ ಪ್ರತಿಯೊಂದು ಕಾಪಾಡಿತು. ತೆಗೆದಿಟ್ಟ ಪ್ರತಿ ತೆರೆಯುತ್ತದೋ ಇಲ್ಲವೋ ನೋಡದೆ ಇಟ್ಟರೆ ಅದು ಹುಳ ಬಿದ್ದ ಬೀಜದ ಚೀಲ. ಬಿತ್ತುವ ದಿನವಷ್ಟೇ ಗೊತ್ತಾಗುವುದು.

ಇಷ್ಟೆಲ್ಲ ಮಾಡಿದರೂ ಎಲ್ಲಕ್ಕೂ ಫೇಲ್‌ಓವರ್ ಉತ್ತರವಲ್ಲ. ಕಚೇರಿಯಲ್ಲಿ ಕರೆಂಟಿಲ್ಲದಿದ್ದರೆ, ರಸ್ತೆ ಅಗೆಯುವಾಗ ಕೇಬಲ್ ಹರಿದರೆ, ಬೆಂಗಳೂರಿನಲ್ಲಿ ಹತ್ತು ಯಂತ್ರವಿದ್ದೂ ಉಪಯೋಗವಿಲ್ಲ. ಅದನ್ನೂ ಜನ ‘ಸರ್ವರ್ ಡೌನ್’ ಎಂದೇ ಕರೆಯುತ್ತಾರೆ. 2025ರ ಆರಂಭದಲ್ಲಿ ಆಸ್ತಿ ನೋಂದಣಿಯ ‘ಕಾವೇರಿ 2.0’ ತಂತ್ರಾಂಶ ಕುಂಟಿದಾಗ, ಕಿಡಿಗೇಡಿಗಳು ಹರಿಬಿಟ್ಟ ಸುಳ್ಳು ಕೋರಿಕೆಗಳ ಮಹಾಪೂರವೇ ಕಾರಣವೆಂದು ಸರ್ಕಾರ ಹೇಳಿತು. ಅಂಥ ಪೂರದಲ್ಲಿ ಒಂದು ಯಂತ್ರ ಮುಳುಗಿದರೆ ಜಾಗಕ್ಕೆ ಬಂದ ಎರಡನೆಯದೂ ಮುಳುಗುತ್ತದೆ.

ಗುತ್ತಿಗೆದಾರರು ‘ನೂರಕ್ಕೆ 99 ಪಾಲು ನಡೆಯುತ್ತದೆ’ ಎಂದರೆ ಹಿಗ್ಗಬೇಕಾಗಿಲ್ಲ. ವರ್ಷಕ್ಕೆ ಮೂರೂವರೆ ದಿನಕ್ಕಿಂತ ಹೆಚ್ಚು ನಿಲ್ಲಬಹುದು ಎಂದೇ ಅದರ ಅರ್ಥ. 99.9 ಎಂದರೆ ಸುಮಾರು 8 ಗಂಟೆ 45 ನಿಮಿಷ. 99.99 ಎಂದರೆ ಸುಮಾರು 53 ನಿಮಿಷ. ಆ ಮೂರೂವರೆ ದಿನ ಬೇಸಿಗೆಯಲ್ಲಿ ಬಿದ್ದರೆ ಸರಿ. ವಿಮೆಯ ಕಡೆಯ ವಾರದಲ್ಲಿ ಬಿದ್ದರೆ?

ಆದ್ದರಿಂದ ಕೇಳಬೇಕಾದ ಪ್ರಶ್ನೆ ‘ಜೋಡಿ ಗಣಕ ಇದೆಯೇ’ ಎಂಬುದಷ್ಟೇ ಅಲ್ಲ. ಬೇಕೆಂದೇ ಮುಖ್ಯ ಯಂತ್ರವನ್ನು ನಿಲ್ಲಿಸಿ ಎರಡನೆಯದು ಏಳುತ್ತದೆಯೇ ಎಂದು ಕಡೆಯ ಸಲ ನೋಡಿದ್ದು ಯಾವಾಗ? ಎಷ್ಟು ನಿಮಿಷ ಹಿಡಿಯಿತು? ಯಂತ್ರ ನಿಂತ ದಿನ ರೈತನ ಗಡುವೂ ನಿಲ್ಲುತ್ತದೆಯೇ? ಮೊದಲ ಎರಡಕ್ಕೆ ಎಂಜಿನಿಯರು ಉತ್ತರ ಕೊಡಬೇಕು. ಮೂರನೆಯದಕ್ಕೆ ಬೇಕಾದದ್ದು ಹೊಸ ಗಣಕವಲ್ಲ, ಒಂದು ಸಾಲಿನ ಆದೇಶ.