ನಿರಾಕರಣೆಯೇ ಕೊನೆಯ ಮಾತಲ್ಲ

ಕ್ಯಾನ್ಸರಿನ ಮಾತ್ರೆಗಳ ವೆಚ್ಚವನ್ನು ವಿಮಾ ಕಂಪನಿ ನಿರಾಕರಿಸಿದರೆ, ನಮ್ಮ ತಾಳಗುಪ್ಪದ ಕಡೆಯವರು ಹಣೆಬರಹವೆಂದು ಸುಮ್ಮನಾಗುತ್ತಾರೆ. ಇದು ಸಲ್ಲದು. ಪಾಲಿಸಿಯಲ್ಲಿ ಮೊತ್ತದ ಮಿತಿ ಇರಬಹುದು; ಆದರೆ ಬಾಯಿಯ ಮೂಲಕ ನೀಡುವ ಕೀಮೋಥೆರಪಿಯನ್ನು ಹೊರಗಿಡಬಾರದೆಂದು ವಿಮಾ ನಿಯಂತ್ರಣ ಪ್ರಾಧಿಕಾರವು 2019ರಲ್ಲೇ ವಿಧಿಸಿದೆ.

ಮೊದಲು ಕಂಪನಿಗೆ ಲಿಖಿತ ದೂರು ಸಲ್ಲಿಸಬೇಕು. ಅದು ತಿರಸ್ಕೃತವಾದರೆ, ಅಥವಾ ತಿಂಗಳೊಳಗೆ ಉತ್ತರ ಬಾರದಿದ್ದರೆ, ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್ನರಿಗೆ ವರ್ಷದೊಳಗೆ ಬರೆಯಬಹುದು. ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ.

ಆದರೆ ಹಾಸಿಗೆ ಹಿಡಿದವರು ಬರೆಯುವುದೆಂತು? ನಮ್ಮಂಥ ನಿವೃತ್ತರ ಕರ್ತವ್ಯವಿರುವುದು ಅಲ್ಲಿಯೇ. ವೈದ್ಯರ ಪತ್ರ, ಪಾಲಿಸಿಯ ಷರತ್ತು, ನಿರಾಕರಣೆಯ ಕಾರಣ ಇವನ್ನು ಜೋಡಿಸಿ ನಾವು ಬರೆದುಕೊಡೋಣ. ಸಹಿ ರೋಗಿಯದೇ ಇರಲಿ. ಜೀವನವಿಡೀ ಪತ್ರಲೇಖನ ಕಲಿಸಿದವರಿಗೆ ಇದಕ್ಕಿಂತ ಸಾರ್ಥಕವಾದ ಪತ್ರ ಬೇರೊಂದಿಲ್ಲವೆಂದು ನನ್ನ ಅಭಿಪ್ರಾಯ.