ಬೆಂಕಿ ಬಲ್ಲವರಿಗೇ ಬೆಂಕಿ ಪಾಠವೇ?

ಬೇಸಿಗೆ ಬಂತೆಂದರೆ ಕಾಡಂಚಿನ ಊರುಗಳಲ್ಲಿ ಒಂದು ಕೆಲಸ ಹುಟ್ಟುತ್ತದೆ. ಅದು ಫೈರ್ ವಾಚರ್ ಕೆಲಸ. ಕೆಲವೇ ತಿಂಗಳ ದಿನಗೂಲಿ. ಬೆಂಕಿ ರೇಖೆ ಸವರಬೇಕು, ಹೊಗೆ ಕಂಡರೆ ಓಡಬೇಕು, ಹಸಿ ಸೊಪ್ಪಿನಿಂದ ಬಡಿದು ಆರಿಸಬೇಕು. ಮಳೆ ಬಿದ್ದರೆ ಬೆಂಕಿಯ ಜೊತೆ ಕೂಲಿಯೂ ಆರಿತು. ಬಿಳಿಗಿರಿರಂಗನ ಬೆಟ್ಟದಲ್ಲಿ ಈ ಕೆಲಸಕ್ಕೆ ಸೋಲಿಗರನ್ನು ಕರೆಯುತ್ತಾರೆ. ಕಾಡಿನ ದಾರಿ ಅವರಿಗೆ ಗೊತ್ತಲ್ಲ! ಬೆಂಕಿಯೂ ಅವರಿಗೇ ಗೊತ್ತು ಎಂದರೆ ಮಾತ್ರ ಯಾರ ಕಿವಿಗೂ ಬೀಳುವುದಿಲ್ಲ.

ಸೋಲಿಗರ ಹಿರಿಯರು 'ತರಗು ಬೆಂಕಿ' ಎನ್ನುತ್ತಾರೆ. ಬಿಸಿಲು ಬಲಿಯುವ ಮುಂಚೆ, ನೆಲದಲ್ಲಿ ಇನ್ನೂ ತೇವ ಇರುವಾಗಲೇ, ಉದುರಿದ ತರಗೆಲೆಗೆ ಸಣ್ಣಗೆ ಹಚ್ಚುವ ಬೆಂಕಿ. ಅದು ನೆಲದ ಮೇಲೇ ಹರಿದು ಹೋಗುತ್ತದೆ, ಮರ ಹತ್ತುವುದಿಲ್ಲ. ಹೊಸ ಹುಲ್ಲು ಚಿಗುರುತ್ತದೆ, ಲಂಟಾನಾ ಸಸಿ ಸಾಯುತ್ತದೆ, ನೆಲ್ಲಿ ಮರಕ್ಕೆ ಅಂಟುವ ಬಂದಳಿಕೆ ಹತೋಟಿಯಲ್ಲಿರುತ್ತದೆ. 1972ರ ವನ್ಯಜೀವಿ ಕಾಯ್ದೆ ಅಭಯಾರಣ್ಯದೊಳಗೆ ಬೆಂಕಿ ಹಚ್ಚುವುದನ್ನು ಅಪರಾಧ ಮಾಡಿತು. 1974ರಲ್ಲಿ ಬೆಟ್ಟ ಅಭಯಾರಣ್ಯವಾಯಿತು. ತರಗು ಬೆಂಕಿ ನಿಂತಿತು, ಲಂಟಾನಾ ಆಳೆತ್ತರ ಬೆಳೆಯಿತು.

ಇದೇ ತಪ್ಪನ್ನು ಅಮೆರಿಕದವರು ನಮಗಿಂತ ನೂರು ವರ್ಷ ಮುಂಚೆಯೇ ಮಾಡಿದ್ದರು. ಕ್ಯಾಲಿಫೋರ್ನಿಯಾದಲ್ಲಿ ಮೂಲನಿವಾಸಿಗಳು ಹುಲ್ಲುಗಾವಲಿಗೆ ಬೆಂಕಿ ಇಟ್ಟರೆ ಶಿಕ್ಷೆ ಎಂದು 1850ರಲ್ಲೇ ಕಾನೂನು ಬಂತು. ಕ್ಲಾಮತ್ ನದಿಯ ದಡದ ಯುರೋಕ್, ಕರುಕ್ ಜನ ಹೇಜಲ್ ಗಿಡವನ್ನು ಸುಟ್ಟು, ನೆಟ್ಟಗೆ ಬರುವ ಕಡ್ಡಿಯಿಂದ ಬುಟ್ಟಿ ಹೆಣೆಯುತ್ತಿದ್ದರು. ಬೆಂಕಿ ನಿಂತ ಮೇಲೆ ಕಡ್ಡಿ ಸೊಟ್ಟಗಾಯಿತು, ಕಾಡಿನಲ್ಲಿ ತರಗು ರಾಶಿ ಬಿತ್ತು. 2020ರ ಒಂದೇ ವರ್ಷದಲ್ಲಿ ಆ ರಾಜ್ಯದಲ್ಲಿ 40 ಲಕ್ಷ ಎಕರೆಗೂ ಹೆಚ್ಚು ಸುಟ್ಟಿತು. ಕರುಕ್ ಜನರ ಹ್ಯಾಪಿ ಕ್ಯಾಂಪ್ ಎಂಬ ಊರಿನಲ್ಲಿ ಮನೆಗಳೇ ಬೂದಿಯಾದವು.

ಈಗ ಅಲ್ಲಿ ಗಾಳಿ ತಿರುಗಿದೆ. ಯುರೋಕ್, ಕರುಕ್ ಯುವಕ ಯುವತಿಯರು ತಮ್ಮ ನೆಲದಲ್ಲೇ ಹಿರಿಯರ ಜೊತೆ ಬೆಂಕಿ ಹಚ್ಚಿ ಕಲಿಯುತ್ತಾರೆ. ಸರ್ಕಾರ ಒಪ್ಪುವ ಅರ್ಹತೆಯೂ ಆ ತರಬೇತಿಯಲ್ಲೇ ಸಿಗುತ್ತದೆ. 2024ರ ಕಾನೂನಿನ ಪ್ರಕಾರ ಬುಡಕಟ್ಟುಗಳು ರಾಜ್ಯದೊಡನೆ ಒಪ್ಪಂದ ಮಾಡಿಕೊಂಡರೆ, ಪೂರ್ವಜರ ನೆಲದಲ್ಲಿ ಸಾಂಪ್ರದಾಯಿಕ ಬೆಂಕಿಗೆ ರಾಜ್ಯದ ಪರವಾನಗಿ ಹಿಡಿದು ಅಲೆಯಬೇಕಿಲ್ಲ. ಮರುವರ್ಷ ಮೊದಲು ಒಪ್ಪಂದಕ್ಕೆ ಬಂದವರು ಕರುಕ್ ಜನ. (ಕಿತ್ತುಕೊಂಡದ್ದನ್ನೇ ವಾಪಸು ಕೊಟ್ಟು ದೊಡ್ಡಸ್ತಿಕೆ ಬೇರೆ. ಇರಲಿ, ಕೊಟ್ಟರಲ್ಲ.)

ನಮ್ಮಲ್ಲಿ? 2011ರಲ್ಲಿ ಅರಣ್ಯ ಹಕ್ಕು ಕಾಯ್ದೆಯಡಿ ಸೋಲಿಗರಿಗೆ ಸಮುದಾಯ ಹಕ್ಕುಪತ್ರ ಸಿಕ್ಕಿತು. ಕಾಡನ್ನು ಕಾಯುವ, ನಿರ್ವಹಿಸುವ ಹಕ್ಕೂ ಆ ಕಾಯ್ದೆಯಲ್ಲಿದೆ. ಆದರೆ ಹಕ್ಕುಪತ್ರ ಹಿಡಿದವನ ಕೈಯಲ್ಲಿ ಸೊಪ್ಪು ಮಾತ್ರ ಇದೆ, ಕಡ್ಡಿಪೆಟ್ಟಿಗೆ ಇಲ್ಲ. 2017ರಲ್ಲಿ ಬಂಡೀಪುರದ ಬೆಂಕಿ ಆರಿಸಲು ಹೋದ ಫಾರೆಸ್ಟ್ ಗಾರ್ಡ್ ಒಬ್ಬರು ಪ್ರಾಣ ಕಳೆದುಕೊಂಡರು. ಇನ್ನೆಷ್ಟು ಬೇಸಿಗೆ ಹೀಗೆ ಸೊಪ್ಪು ಬಡಿಯುತ್ತಲೇ ಇರುವುದು?

ನಾಳೆಯೇ ಎಲ್ಲ ಕಡೆ ಕಡ್ಡಿ ಗೀರಿ ಎಂದು ನಾವು ಹೇಳುತ್ತಿಲ್ಲ. ಲಂಟಾನಾ ಇಷ್ಟು ದಟ್ಟವಾದ ಮೇಲೆ ಬೆಂಕಿ ಇಟ್ಟರೆ ಅದು ಮರದ ನೆತ್ತಿಗೇರುತ್ತದೆ ಎಂದು ಸೋಲಿಗರೇ ಎಚ್ಚರಿಸುತ್ತಾರೆ. ಮೊದಲು ಲಂಟಾನಾ ಕೀಳಬೇಕು. ಆಮೇಲೆ ಎಲ್ಲಿ, ಯಾವಾಗ, ಎಷ್ಟು ಬೆಂಕಿ ಎಂದು ಪೋಡಿನ ಗ್ರಾಮಸಭೆ ಇಲಾಖೆಯೊಡನೆ ಕೂತು ತೀರ್ಮಾನಿಸಬೇಕು. ಇದು ಮೂರು ತಿಂಗಳ ಕೆಲಸವಲ್ಲ, ವರ್ಷಪೂರ್ತಿ ಕೆಲಸ. ಹಾಗಾದರೆ ಸಂಬಳವೂ ವರ್ಷಪೂರ್ತಿ ಬರಬೇಕು, ವಿಮೆಯೂ ಬೇಕು. ಪೋಡಿನ ಹುಡುಗ ಹುಡುಗಿಯರಿಗೆ ತರಬೇತಿ ಖಂಡಿತ ಕೊಡಿ. ಆದರೆ ಮೇಷ್ಟ್ರ ಕುರ್ಚಿಯಲ್ಲಿ ತರಗು ಬೆಂಕಿ ಕಂಡ ಅಜ್ಜ ಅಜ್ಜಿಯರನ್ನು ಕೂರಿಸಿ, ಮೇಷ್ಟ್ರ ಸಂಬಳವನ್ನೇ ಕೊಡಿ. ಆ ಬೆಂಕಿಯನ್ನು ಕೈಯಾರೆ ಹಚ್ಚಿದವರಿಗೆ ಈಗಾಗಲೇ ವಯಸ್ಸಾಗಿದೆ.